ತಿಪ್ಪೆಯಲ್ಲಿಟ್ಟ ದನಿ

೨೦ ಸೆಪ್ಟೆಂಬರ್ ೨೦೨೫, ಶನಿವಾರ

ಮೈಯಲ್ಲಿ ಜೀವವಿಲ್ಲ. ಸೋಮವಾರ ನವರಾತ್ರಿಯ ಘಟ್ಟ ಹಾಕುವುದು. ಅಷ್ಟರೊಳಗೆ ಮನೆಯಲ್ಲಿ ತೊಳೆಯದ ವಸ್ತು ಒಂದೂ ಉಳಿಯಕೂಡದು ಎಂದು ಅವ್ವ ತಲೆ ತಿನ್ನುತ್ತಿದ್ದಾಳೆ. ಕೌದಿ, ಕಂಬಳಿ, ಡಬ್ಬಿ, ಚರಿಗೆ ಎಲ್ಲ ಹಳ್ಳಕ್ಕೆ ಹೋಗಿ ಬಂದವು. ಮಳೆ ಬಿಡುತ್ತಿಲ್ಲ, ಒಣಗಿಸುವುದೆಲ್ಲಿ, ನನ್ನ ತಲೆಯ ಮೇಲೆಯೇ?

ಸಂಜೆ ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಅಂಗಡಿಯ ಬಾಗಿಲಿಗೆ ಬಂದಳು. ಅಂಗಡಿಯೆಂದರೆ ಮನೆಯ ಮುಂದಿನ ಕೋಣೆ, ಒಂದು ಝೆರಾಕ್ಸ್ ಮಷೀನು, ಜತ್ತದಲ್ಲಿ ಮುಚ್ಚಿಹೋದ ಯಾವುದೋ ಕ್ಲಾಸಿನಿಂದ ತಂದ ಒಂದು ಮುದಿ ಕಂಪ್ಯೂಟರು. ಮಾಡಗ್ಯಾಳದ ಅರ್ಧ ಊರಿನ ಫಾರ್ಮು ತುಂಬುವುದು ಇದರಲ್ಲೇ.

"ಎಲ್ಲಾ ತೊಳದ್ವಿ. ನಿನ್ನ ಈ ಡಬ್ಬಿ ತೊಳ್ಯಾವ್ರು ಯಾರು?" ಅಂದಳು.

"ಇದರಾಗ ನೀರ್ ಹಾಕಿದ್ರ ಮುಗೀತು ನಮ್ಮ ಹಬ್ಬ," ಅಂದೆ.

ಆದರೂ ಹಬ್ಬ ಹಬ್ಬವೇ. ಮೇಲೆ ಒರೆಸಿದೆ, ಒಳಗೂ ಗುಡಿಸಿದೆ. ಗುರುಸಿದ್ದ ಸರ್ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಾಗ ಒಂದು ಸಾಲಿನ ಆಜ್ಞೆ ಕಲಿಸಿದ್ದರು. ಟೈಪ್ ಮಾಡಿ ಎಂಟರ್ ಒತ್ತಿದರೆ ಇಡೀ ಫೋಲ್ಡರ್ ಮಾಯ. ಕಸದ ಬುಟ್ಟಿಗೂ ಹೋಗುವುದಿಲ್ಲ, ಖರೇನಾ ಎಂದು ಒಂದು ಮಾತು ಕೇಳುವುದೂ ಇಲ್ಲ. ಊರವರ ಹಳೆಯ ಆಧಾರ್, ಹೊಲದ ಸಾತಬಾರಾ, ಜಾತಿ ದಾಖಲೆ, ಮಸುಕಾದ ಫೋಟೋ, ವರ್ಷಗಳಿಂದ ಕೊಳೆತುಬಿದ್ದ ಕಸವೆಲ್ಲ ಒಂದೇ ಏಟಿಗೆ ಹೋಯಿತು. ಎದೆ ಹಗುರಾಯಿತು. ತೆರವಾದ ಜಾಗಕ್ಕೆ ಮಂಡಳದ ಹುಡುಗರು ಕೊಟ್ಟ ಗಣಪತಿ ಮೆರವಣಿಗೆಯ ವಿಡಿಯೋ ಇಳಿಸಲು ಹಚ್ಚಿದ್ದೇನೆ.

ಅಪ್ಪನ ಕೊರಳ ಸ್ಪೀಕರ್ ಮಳೆಯಲ್ಲಿ ತೊಯ್ದು ಬಂದ್ ಬಿದ್ದಿದೆ. ಮಳೆಗೆ ಕುರಿಗಳನ್ನು ಹೊರಗೆ ಬಿಡದೆ ದಡ್ಡಿಯಲ್ಲೇ ಕೂಡಿಹಾಕಿದ್ದೇವೆ. ಹಬ್ಬದ ಗದ್ದಲ ಕಡಿಮೆಯಾಗಲಿ, ನೋಡಿದರಾಯಿತು.

೨೬ ಸೆಪ್ಟೆಂಬರ್, ಶುಕ್ರವಾರ

ಅಪ್ಪನ ದನಿ ಹೋಯಿತು. ನಾನೇ ಅಳಿಸಿದೆ.

ಸಮಾಧಾನವಾಗಿ ಬರೆಯಬೇಕು, ಇಲ್ಲದಿದ್ದರೆ ಹುಚ್ಚು ಹಿಡಿಯುತ್ತದೆ.

ಹೋದ ವರ್ಷ ಮಿರಜದ ಡಾಕ್ಟರು ಗಂಟಲ ಗಡ್ಡೆಯ ಜೊತೆ ದನಿಯ ಪೆಟ್ಟಿಗೆಯನ್ನೂ ತೆಗೆಯಬೇಕಾಗುತ್ತದೆ ಅಂದರು. ಹೊರಡುವ ಹಿಂದಿನ ದಿನ ನಾನು ಅಪ್ಪನನ್ನು ಬೇವಿನ ಕೆಳಗೆ ಕೂಡಿಸಿ ಅವನ ಕೂಗುಗಳನ್ನು ಫೋನಿನಲ್ಲಿ ಹಿಡಿದೆ. ಕುರಿ ಕೂಡಿಸುವ ಕೂಗು, ನೀರಿಗೆ ಕರೆಯುವ ಕೂಗು, ತೋಳ ಬಂದಾಗಿನದು, ಮರಿಗಳನ್ನು ಕರೆಯುವ ನಾಲಗೆಯ ಚಟಕ. ಕಡೆಗೆ ಒಮ್ಮೆ ನನ್ನ ಹೆಸರು. ಈಗ ಅವನು ಉಸಿರಾಡುವುದೇ ಕುತ್ತಿಗೆಯ ತೂತಿನಿಂದ. ಸಿಳ್ಳೆ ಹೊಡೆಯಲಿಕ್ಕೂ ಬಾಯಿಗೆ ಗಾಳಿ ಬರುವುದಿಲ್ಲ. ಹಿಡಿದ ದನಿಯನ್ನು ಸಣ್ಣ ಸ್ಪೀಕರಿಗೆ ತುಂಬಿ ಅವನ ಕೊರಳಿಗೆ ಹಾಕಿದೆ. ಗುಂಡಿ ಒತ್ತಿದ, ದನಿ ಹೊರಟಿತು, ಕುರಿ ಬಂದವು. ಊರವರು ನಕ್ಕರು. ಕುರಿಗೇನು, ವಿಠೋಬನ ದನಿ ಬಂದರೆ ಸಾಕು.

ಇವತ್ತು ನೋಡಿದರೆ ಸ್ಪೀಕರಿನ ಮೆಮರಿ ಕಾರ್ಡ್ ಸತ್ತೇಹೋಗಿದೆ. ಹೋಗಲಿ, ಹೊಸ ಕಾರ್ಡಿಗೆ ಕಂಪ್ಯೂಟರಿನಿಂದ ತುಂಬಿದರಾಯಿತು ಎಂದು ಕುಳಿತೆ. ಆಗ ನೆನಪಾಯಿತು, ಅದನ್ನು ಎಲ್ಲಿಟ್ಟಿದ್ದೆ ಎಂದು.

ನನಗಿಂತ ಮುಂಚೆ ಅವ್ವನ ಎರಡು ಕೂಸು ಉಳಿಯಲಿಲ್ಲ. ಅದಕ್ಕೆ ನಾನು ಹುಟ್ಟಿದಾಗ ನನ್ನನ್ನು ತಿಪ್ಪೆಯ ಮೇಲೆ ಉರುಳಿಸಿ, ಕಸದಲ್ಲಿ ಸಿಕ್ಕ ಕೂಸು ಎಂಬಂತೆ ಎತ್ತಿಕೊಂಡು ಬಂದರಂತೆ. ಕಸದ ಮೇಲೆ ಯಾರ ಕಣ್ಣೂ ಬೀಳುವುದಿಲ್ಲವಲ್ಲ. ಅಪ್ಪನ ದನಿ ಕಂಪ್ಯೂಟರಿಗೆ ಇಳಿಸಿದ ದಿನವೂ ಅವ್ವ ಅದೇ ಹಟ ಹಿಡಿದಳು. "ಎದ್ದ ಕಾಣೂವಂಗ ಇಡಬ್ಯಾಡ ಕಾಜಲೀ. ಅದರಾಗೂ ಕಸ ಒಗಿಯೂ ಜಾಗ ಇರಬೇಕಲ್ಲ, ಅಲ್ಲೇ ತಳಕ್ಕ ಇಡು. ಕೂಸಿನಂಗ ಉಳೀತೈತಿ." ನಕ್ಕೆ. ನಕ್ಕರೂ ಹಾಗೇ ಮಾಡಿದೆ. ಊರವರ ಹಳೆಯ ಕಾಗದಗಳ ರಾಶಿಯೊಳಗೆ, ತೀರ ತಳಕ್ಕೆ, ಅಪ್ಪನ ದನಿ.

ಹಬ್ಬಕ್ಕೆಂದು ಆ ತಿಪ್ಪೆಯನ್ನೇ ಎತ್ತಿ ಹಾಕಿದೆನಲ್ಲ! ಫೋನಿನಲ್ಲಿದ್ದದ್ದನ್ನು ಜಾಗ ಸಾಲದೆಂದು ಆಗಲೇ ತೆಗೆದಿದ್ದೆ. ದೊಡ್ಡ ಜಾಣೆ ನಾನು.

೨೭ ಸೆಪ್ಟೆಂಬರ್, ಶನಿವಾರ

ಫೋನ್ ಮಾಡಿದ ಕೂಡಲೇ ಗುರುಸಿದ್ದ ಸರ್ ಬೈದರು. "ಮೊದಲ ಆ ಕಂಪ್ಯೂಟರ್ ಬಂದ್ ಮಾಡು! ಅದರ ಮ್ಯಾಲ ಒಂದಕ್ಷರ ಬರೀಬ್ಯಾಡ!" ಸೋನ್ಯಾಳದಿಂದ ಮಳೆಯಲ್ಲೇ ಗಾಡಿ ಹೊಡೆದುಕೊಂಡು ಬಂದರು. ಕನ್ನಡ ಸಾಲಿಯಲ್ಲಿ ನನಗೆ ಗಣಿತ ಕಲಿಸಿದವರು, ಈಗಲೂ ಬೋರ್ಡಿನ ಮುಂದೆ ನಿಂತವರಂತೆಯೇ ಮಾತು.

"ಅಳಿಸೂದಂದ್ರ ಏನು? ಬದುವಿನ ಕಲ್ಲ ಕಿತ್ತಂಗ. ಈ ಹೊಲಾ ಯಾರದು ಅನ್ನೂ ಗುರುತು ಹೋಗತೈತಿ, ಬೆಳಿ ನಿಂತ ಇರತೈತಿ. ಮತ್ತೊಬ್ಬಾಂವ ಬಂದು ಹರಗಿ ಬಿತ್ತೂ ತನಕ ಸಿಗತೈತಿ. ನೀ ಏನರ ಬಿತ್ತೀಯೇನು?"

ನಾನು ಬಾಗಿ ಕಂಪ್ಯೂಟರಿನ ವೈರು ಕಿತ್ತೆ.

"ಕಾಜಲ್, ಏನರ ಇಳಿಸೀಯೇನು ಆಮ್ಯಾಲ?"

"ಗಣಪತಿ ಮೆರವಣಿಗಿ ವಿಡಿಯೋ ಇಳಿಸೀನ್ರೀ. ಡಿಸ್ಕ್ ತುಂಬೂ ತನಕ."

ಸರ್ ಟೊಪ್ಪಿಗೆ ತೆಗೆದು ಮೊಳಕಾಲ ಮೇಲಿಟ್ಟುಕೊಂಡರು. ಅವರು ಮತ್ತೊಮ್ಮೆ ಬೈದಿದ್ದರೆ ಚೆನ್ನಾಗಿತ್ತು.

೩೦ ಸೆಪ್ಟೆಂಬರ್, ಮಂಗಳವಾರ

ಸರ್ ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಎಬ್ಬಿಸಿದ್ದಾರೆ. ಅದರ ಸ್ವಂತ ಡಿಸ್ಕನ್ನು ಬರೀ ಓದುವುದು. ಸಿಕ್ಕದ್ದನ್ನು ಅವರ ಮನೆಯಿಂದ ತಂದ ಬೇರೆ ಡಿಸ್ಕಿಗೆ ಹಾಕುವುದು. ಅಳಿಸಿದ್ದನ್ನು ಹೆಕ್ಕುವ ಆ ಪ್ರೋಗ್ರಾಮು ನಿನ್ನೆಯಿಂದ ಓಡುತ್ತಿದೆ. ಸಾವಿರಾರು ತುಣುಕು ಸಿಕ್ಕಿವೆ, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ಯಾವುದು ಯಾರದು ತಿಳಿಯಬೇಕಾದರೆ ತೆರೆದು ತೆರೆದು ಕೇಳಬೇಕು. ಕೇಳುತ್ತಿದ್ದೇನೆ. ಮೆರವಣಿಗೆಯ ಡಾಲ್ಬಿಯ ದಡಬಡ, ಯಾರದೋ ರಿಂಗ್‌ಟೋನು, ಯಾರದೋ ಕೂಸಿನ ಅಳು.

ಅಪ್ಪ ಬಾಗಿಲಲ್ಲಿ ಬಂದು ನಿಂತ. ಖಾಲಿ ಕೊರಳು ಮುಟ್ಟಿ ತೋರಿಸಿದ. ಆಮೇಲೆ ತುಟಿ ಅಲ್ಲಾಡಿಸಿದ, ಬೆರಳಿನಿಂದ ಏನೇನೋ ಮಾಡಿದ. ಅಕ್ಷರ ಕಲಿತವನಲ್ಲ, ಬರೆದು ತೋರಿಸುವಂತಿಲ್ಲ. ನನಗೆ ಒಂದೂ ಹರಿಯಲಿಲ್ಲ.

"ರಿಪೇರಿಗೆ ಕೊಟ್ಟೀನಪ್ಪಾ, ಬರತೈತಿ," ಅಂದೆ.

ಅವನು ಇನ್ನೂ ಏನೋ ಹೇಳಲು ನೋಡಿದ. ಸಿಟ್ಟು ಬಂತು. "ತಿಳಿವಲ್ದಪ್ಪಾ ನನಗ! ಅವ್ವಗ ಹೇಳು!" ಅಂತ ಕೂಗಿಬಿಟ್ಟೆ. ಹೋದ. ಅವನು ಕೇಳಿದ್ದು ಊಟ ಮಾಡಿದೆಯಾ ಎಂದಂತೆ, ಆಮೇಲೆ ಅವ್ವ ಹೇಳಿದಳು.

೨ ಅಕ್ಟೋಬರ್, ಗುರುವಾರ

ದಸರಾ. ಅಪ್ಪ ಬನ್ನಿ ಕೊಟ್ಟ. ತುಟಿ ಅಲ್ಲಾಡಿತು. ಬಂಗಾರದಂಗ ಇರೋಣ ಅಂದಿರಬೇಕು, ಇವತ್ತು ಎಲ್ಲರೂ ಅನ್ನುವುದು ಅದನ್ನೇ. ಕಾಲಿಗೆ ಬಿದ್ದೆ. ಮುಖ ನೋಡಲಾಗಲಿಲ್ಲ.

೬ ಅಕ್ಟೋಬರ್, ಸೋಮವಾರ

ಬರೆಯಬೇಕೋ ಬೇಡವೋ.

ಮಳೆ ನಿಂತಿತೆಂದು ಅಪ್ಪ ಮೂರ್ನಾಲ್ಕು ದಿನದಿಂದ ಸ್ಪೀಕರಿಲ್ಲದೆಯೇ ಕುರಿ ಬಿಡುತ್ತಿದ್ದ. ಕೋಲು ಬೀಸಿ, ಕಲ್ಲು ಒಗೆದು ಹೇಗೋ ತಿರುಗಿಸಿಕೊಂಡು ಬರುತ್ತಿದ್ದ. ಇವತ್ತು ಸಂಜೆ ಜತ್ತದ ರಸ್ತೆಯ ಬದಿಯಲ್ಲಿ ನಾಯಿಗಳು ಬೆನ್ನು ಹತ್ತಿ ಕುರಿ ಚದುರಿದವು. ಹಿಂಡಿನ ಮುಂದಾಳು ಕುರಿ ಗಿಣಿಮೂಗಿ ಮುಂದೆ, ಮರಿಗಳು ಹಿಂದೆ, ನೇರ ರಸ್ತೆಗೆ. ಅದೇ ಹೊತ್ತಿಗೆ ಕಬ್ಬಿನ ಟ್ರ್ಯಾಕ್ಟರ್. ಒಂದು ಕೂಗು ಹಾಕಿದ್ದರೆ ಗಿಣಿಮೂಗಿ ನಿಂತಲ್ಲೇ ನಿಲ್ಲುತ್ತಿತ್ತು, ಅದು ನಿಂತರೆ ಎಲ್ಲ ನಿಲ್ಲುತ್ತಿದ್ದವು. ಅಪ್ಪ ಕೈ ಎತ್ತಿ ಓಡಿದನಂತೆ, ಬಾಯಿ ತೆರೆದುಕೊಂಡು. ನೋಡಿದವರು ಹೇಳಿದರು.

ಗಿಣಿಮೂಗಿ ಹೋಯಿತು. ಅದರ ಹಿಂದಿದ್ದ ಮರಿಗಳೂ ಹೋದವು. ನಮ್ಮ ಹಿಂಡಿನಲ್ಲಿ ಅಂಥ ಮೂಗು, ಅಂಥ ಕಿವಿ ಇನ್ನೊಂದಕ್ಕಿರಲಿಲ್ಲ. ಅಪ್ಪ ಅದನ್ನು ಹೆಗಲ ಮೇಲೆ ಹೊತ್ತುಕೊಂಡೇ ಮನೆಗೆ ಬಂದ.

"ಆ ರಿಪೇರಿ ಎಷ್ಟ ದಿನದ್ದ ಐತಿ? ಯಾವ ಊರಾಗ ಕೊಟ್ಟೀ?" ಅಂತ ಅವ್ವ ಕೇಳಿದಳು. ಎಲ್ಲ ಹೇಳಿಬಿಟ್ಟೆ. ಅವ್ವ ಬಯ್ಯಲಿಲ್ಲ, ಹೊಡೆಯಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು, "ತಿಪ್ಯಾಗ ಇಡಂದಾಕಿ ನಾನಽ ಅಲ್ಲೇನ," ಅಂದಳು. ಅದನ್ನು ಕೇಳುವುದಕ್ಕಿಂತ ಎರಡು ಏಟು ತಿನ್ನುವುದು ಲೇಸಿತ್ತು.

೯ ಅಕ್ಟೋಬರ್, ಗುರುವಾರ

ಅಪ್ಪನಿಗೂ ಹೇಳಿದೆ. ದಡ್ಡಿಯ ಬಾಗಿಲಲ್ಲಿ ನಿಂತು, ನೆಲ ನೋಡುತ್ತ. "ನಿನ್ನ ದನಿ ನಾ ಅಳಿಸಿಬಿಟ್ಟೆನಪ್ಪಾ."

ಅವನ ಹೆಗಲು ಅಲುಗಿದವು. ಅಳುತ್ತಿದ್ದಾನೆಂದು ತಿಳಿದೆ. ತಲೆಯೆತ್ತಿ ನೋಡಿದರೆ ನಗುತ್ತಿದ್ದ. ಸದ್ದಿಲ್ಲದ ನಗು ನೋಡಲಾಗುವುದಿಲ್ಲ. ಗಂಟಲ ತೂತನ್ನು ಬೆರಳಿನಿಂದ ತೋರಿಸಿದ, ಮಿರಜದ ದಿಕ್ಕಿಗೆ ಕೈ ಮಾಡಿದ, ಆಮೇಲೆ ನನ್ನ ಕಡೆ ಮಾಡಿ ತಲೆ ಅಲ್ಲಾಡಿಸಿದ. ಅಳಿಸಿದವರು ಡಾಕ್ಟರು, ನೀನಲ್ಲ ಎಂದಿರಬೇಕು. ಅವ್ವನನ್ನು ಕೇಳಬೇಕೆಂದುಕೊಂಡೆ, ಕೇಳಲಿಲ್ಲ.

ನಾಳೆಯಿಂದ ಅಂಗಡಿ ಮಧ್ಯಾಹ್ನಕ್ಕೆ ಬಂದ್. ಕುರಿಯ ಹಿಂದೆ ನಾನೂ ಹೋಗುತ್ತೇನೆ. ಅವನಿಗೆ ಬಾಯಿಲ್ಲ, ನನಗಾದರೂ ಇದೆ. ತುಣುಕುಗಳನ್ನು ಫೋನಿಗೆ ಹಾಕಿಕೊಂಡು ಅಲ್ಲೇ ಕೇಳಿದರಾಯಿತು.

೧೩ ಅಕ್ಟೋಬರ್, ಸೋಮವಾರ

ನನ್ನ ಬಾಯಿ ಇದ್ದೂ ಇಲ್ಲದಂತೆ. ದಿನವೂ ಕೂಗುತ್ತೇನೆ, ಗಂಟಲು ಹರಿದುಹೋಗಿದೆ, ಒಂದು ಕುರಿಯೂ ತಿರುಗಿ ನೋಡುವುದಿಲ್ಲ. ಮೇಯುವುದನ್ನು ಬಿಟ್ಟು ಒಮ್ಮೆ ತಲೆ ಎತ್ತಿದವು, ಯಾರೋ ಹುಚ್ಚಿ ಎಂದುಕೊಂಡು ಮತ್ತೆ ಮೇಯ್ದವು.

ಅಪ್ಪ ಹೊಟ್ಟೆ ಮುಟ್ಟಿಕೊಂಡು ತೋರಿಸಿದ. "ಗಂಟಲದಾಗಿಂದ ಅಲ್ಲ, ಇಲ್ಲಿಂದ" ಅಂದ. ಇಲ್ಲಿಂದಲೂ ಕೂಗಿದೆ. ಉಪಯೋಗವಿಲ್ಲ.

ಒಂದು ಕಿವಿಯಲ್ಲಿ ಇಯರ್‌ಫೋನ್ ಇಟ್ಟುಕೊಂಡೇ ಇದ್ದೇನೆ. ಇವತ್ತಿನ ತುಣುಕುಗಳಲ್ಲೂ ಬರೀ ಗಣಪತಿ. ಒಂದು ಕಡೆ ಯಾರೋ ಮುದುಕ ಮರಾಠಿಯಲ್ಲಿ ತನ್ನ ಪಿಂಚಣಿಯ ಗೋಳು ಹೇಳುತ್ತಾನೆ. ಅಪ್ಪನೇ ಇರಬೇಕೆಂದು ಮತ್ತೆ ಹಾಕಿ ಕೇಳಿದೆ, ಅಲ್ಲ.

ಬುತ್ತಿ ಬಿಚ್ಚಿದಾಗ ಅಪ್ಪ, "ರೊಟ್ಟಿ ದಪ್ಪ ಆಗ್ಯಾವು, ನಿಮ್ಮವ್ವ ಸಿಟ್ಟಿನ್ಯಾಗ ಬಡದಾಳ," ಅಂದ. ಹೌದು, ದಪ್ಪಗಿದ್ದವು. ಇಬ್ಬರೂ ನಕ್ಕೆವು. ನಕ್ಕಿದ್ದಕ್ಕೆ ಆಮೇಲೆ ನಾಚಿಕೆಯಾಯಿತು. ಗಿಣಿಮೂಗಿ ಹೋಗಿ ವಾರವಾಗಿದೆ ಅಷ್ಟೇ.

೧೭ ಅಕ್ಟೋಬರ್, ಶುಕ್ರವಾರ

ಸಿಕ್ಕಿತು.

ಮುಚ್ಚಂಡಿಗೆ ಹೋಗುವ ದಾರಿಯ ಪಕ್ಕದ ಮಡ್ಡಿ ಬಯಲಿನಲ್ಲಿ ಕುಳಿತಿದ್ದೆವು. ಕಿವಿಯಲ್ಲಿ ಗಾಳಿಯ ಸದ್ದು ಬಂತು. ಕಾಗೆ ಕೂಗಿತು. ಬೇವಿನ ಮೇಲಿನ ಕಾಗೆ! ಆಮೇಲೆ ನನ್ನದೇ ದನಿ: "ಹಾಂ ಅಪ್ಪಾ, ಈಗ ಒದರು." ಅಪ್ಪ ಕೆಮ್ಮಿದ. ಉದ್ದ ಉಸಿರೆಳೆದುಕೊಂಡ. ಎದೆ ತುಂಬಿಕೊಂಡಿದ್ದು ಕೂಡ ಕೇಳಿಸಿತು.

ಆಮೇಲೆ ಕರಕರ ಕರಕರ. ಮುಗಿಯಿತು.

ಮತ್ತೆ ಹಾಕಿದೆ. ಹಾಂ ಅಪ್ಪಾ, ಈಗ ಒದರು. ಕೆಮ್ಮು. ಉಸಿರು. ಕರಕರ. ಎಷ್ಟು ಸಲ ಹಾಕಿದರೂ ಅಷ್ಟೇ. ಕೂಗು ಬಾಯಿಂದ ಹೊರಬೀಳುವ ಕ್ಷಣಕ್ಕೆ ಸರಿಯಾಗಿ ನನ್ನ ಗಣಪತಿ ಬಂದು ಕುಳಿತಿದ್ದಾನೆ.

ಇಯರ್‌ಫೋನ್ ಕಿತ್ತು ಅಪ್ಪನ ಕಿವಿಗೆ ಇಟ್ಟೆ. ಕಣ್ಣು ಮುಚ್ಚಿ ಕೇಳಿದ. ಕೊನೆಗೆ, "ಎಷ್ಟ ಪ್ರೀತೀಲೆ ಹೇಳೀಯಲ್ಲ ಒದರು ಅಂತ," ಅಂದ.

"ನನ್ನ ದನಿ ಯಾರಿಗೆ ಬೇಕಾಗೇತಿ!" ಎಂದು ಕಿರುಚಿದೆ. ಹತ್ತಿರದಲ್ಲಿದ್ದ ಕುರಿಗಳು ಬೆದರಿ ಓಡಿದವು. ಅವುಗಳನ್ನು ಕೂಡಿಸುವಷ್ಟರಲ್ಲಿ ಕತ್ತಲಾಯಿತು.

೧೯ ಅಕ್ಟೋಬರ್, ರವಿವಾರ

ಗುರುಸಿದ್ದ ಸರ್ ತುಣುಕು ಕೇಳಿದರು. ಅದರ ಮುಂದಿನ ಭಾಗ ಎಲ್ಲಾದರೂ ಚೂರಾಗಿ ಬಿದ್ದಿದೆಯೇ ಎಂದು ಬೆಳಗಿನಿಂದ ಮತ್ತೊಮ್ಮೆ ಡಿಸ್ಕ್ ಜಾಲಾಡಿದರು. ಉಳಿದ ಕೂಗುಗಳದೂ ಒಂದು ಗುರುತಿಲ್ಲ. ಊಟವನ್ನೂ ಮಾಡದೆ ಕುಳಿತವರು ಕಡೆಗೆ ಎದ್ದು ಕೈ ಝಾಡಿಸಿದರು.

"ಇಲ್ಲವಾ. ಆ ಜಾಗಾದಾಗ ಬ್ಯಾರೆ ಬರದಾಗೈತಿ. ಇನ್ನ ಯಾರ ಕಡೆ ಒಯ್ದರೂ ಇಷ್ಟ."

ಅವರ ದನಿಯೇ ಒಡೆದಿತ್ತು. ಪಾಪ, ಅವರಾದರೂ ಏನು ಮಾಡಿಯಾರು?

"ಆ ಆಜ್ಞಾ ಕಲಿಸಿದ್ದ ತಪ್ಪಾತೇನೋ," ಅಂದರು.

"ಬಿಡ್ರಿ ಸರ್. ಅಪ್ಪನೂ ನಿನ್ನಿ ಅದನ್ನ ಅಂದ. ಸರ್‌ಗೆ ಬ್ಯಾಸರ ಮಾಡ್ಕೋಬ್ಯಾಡಂತ ಹೇಳು, ಮಳ್ಯಾಗ ಅಷ್ಟ ದೂರಿಂದ ಬರ್ತಾರ, ಒಂದ ಚರಿಗಿ ಹಾಲರ ಕೊಟ್ಟ ಕಳಸು ಅಂದ."

ಸರ್ ನನ್ನನ್ನೇ ನೋಡಿದರು. "ವಿಠೋಬಾಗ ಮಾತ ಬಂದಾವೇನವಾ?"

"ಎಲ್ಲಿಂದ ಬರತಾವ್ರಿ," ಅಂದೆ. ಅವನ ತುಟಿ ನೋಡಿಯೇ ನನಗೆ ತಿಳಿಯುತ್ತಿದೆಯೆಂದು ಆಗ ಹೊಳೆಯಿತು, ಅಳು ಬಂತು. ಹಾಲು ಕೊಟ್ಟು ಕಳಿಸಿದೆ.

ಅಮಸಿದ್ದ ಮಾಮಾ, ಅವ್ವನ ತಮ್ಮ, ಸಂಜೆ ಬಂದಿದ್ದ. ಕೂಗಿಲ್ಲದೆ ಹಿಂಡು ಕಾಯುವುದು ಆಗದ ಮಾತು, ರಸ್ತೆಯ ಅಪಾಯವೇನು ಇವತ್ತಿಗೇ ಮುಗಿಯಿತೇ, ನಿಮ್ಮ ಕುರಿ ನನ್ನ ಹಿಂಡಿಗೆ ಸೇರಿಸಿಕೊಳ್ಳುತ್ತೇನೆ ಅಂದ. ದೀಪಾವಳಿಯ ಪಾಡ್ಯ ಇಲ್ಲೇ ಮಾಡಿ, ಪೂಜೆಯಾದ ಮೇಲೆ ಹೊಡೆದುಕೊಂಡು ಹೋಗುವುದೆಂದು ಆಯಿತು. ಬೇಡ ಅನ್ನಲು ನನಗೆ ಯಾವ ಬಾಯಿ?

೨೨ ಅಕ್ಟೋಬರ್, ಬುಧವಾರ

ಪಾಡ್ಯ. ಕುರಿಗಳ ಮೈ ತೊಳೆದು, ಹಣೆಗೆ ಭಂಡಾರ ಹಚ್ಚಿದೆವು. ಅವ್ವ ಆರತಿ ಮಾಡಿದಳು. ಒಂದೊಂದರ ಕಿವಿ ಹಿಡಿದು ಅಪ್ಪ ಏನೋ ಹೇಳಿದ. ಅದು ಅವುಗಳಿಗೆ ಹೇಳಿದ್ದು, ನಾನು ಆ ಕಡೆ ನೋಡಲಿಲ್ಲ.

ಹೊರಡುವ ಹೊತ್ತಿಗೆ ಕುರಿ ಜಪ್ಪಯ್ಯ ಅನ್ನಲಿಲ್ಲ. ಮಾಮಾ ಕೂಗಿದ, ಅವನ ನಾಯಿ ಬೊಗಳಿತು, ಅವು ಅಪ್ಪನ ಕಡೆ ಮುಖ ಮಾಡಿ ನಿಂತುಬಿಟ್ಟವು. ಕರೆಯುತ್ತಾನೆಂದು ಕಾಯುತ್ತಿದ್ದವು. ಅಪ್ಪ ನೋಡಲಾರದೆ ಬೆನ್ನು ತಿರುಗಿಸಿದ. ನಾನು ಕೂಗಿದೆ, ಗಂಟಲದಿಂದಲ್ಲ, ಹೊಟ್ಟೆಯಿಂದಲೇ. ಒಂದೂ ಕದಲಲಿಲ್ಲ. ಕಡೆಗೆ ಮಾಮಾ ಎರಡು ಮರಿ ಎತ್ತಿಕೊಂಡು ನಡೆದ. ತಾಯಿಗಳು ಅರಚುತ್ತ ಹಿಂದೆ ಹೋದವು, ತಾಯಿಗಳ ಹಿಂದೆ ಉಳಿದವು. ತಿರುವಿನಲ್ಲಿ ಮತ್ತೊಮ್ಮೆ ನಿಂತು ನೋಡಿದವು. ಧೂಳು ಕೂಡ ಏಳಲಿಲ್ಲ, ರಾತ್ರಿ ಮಳೆಯಾಗಿ ನೆಲ ಹಸಿಯಿತ್ತು.

ನಾನು ಖಾಲಿ ದಡ್ಡಿಯಲ್ಲಿ ಹೋಗಿ ಕುಳಿತೆ. ಅಪ್ಪ ಬಂದು ಪಕ್ಕದಲ್ಲಿ ಕುಳಿತ.

"ಅಳಬ್ಯಾಡ," ಅಂದ.

"ಅಳೂದಿಲ್ಲ," ಅಂದೆ, ಅಳುತ್ತಲೇ.

"ಹುಟ್ಟಿದಾಗಿಂದ ಕುರಿಗೇ ಒದರಕೋಂತ ಬಂದ್ನಿ. ಮನಿಗೆ ಬರೂದ್ರಾಗ ಗಂಟಲಾ ಬತ್ತಿರತಿತ್ತು. ನಿನ್ನ ಕೂಡ ಎಂದರ ಹಿಂಗ ಕುಂತ ಮಾತಾಡೇನೇನು?"

"ಇಲ್ಲಪ್ಪಾ."

"ನಿನ್ನ ತಿಪ್ಯಾಗಿಂದ ಎತ್ಕೊಂಡ ಬಂದಾಂವ ನಾನ. ನಿಮ್ಮವ್ವ ಹೇಳ್ಯಾಳೋ ಇಲ್ಲೋ. ಬಾಯಿ ತುಂಬ ಬೂದಿ ನಿಂದು. ಒದರಿದೀ ನೋಡು, ನಾಕ ಹಟ್ಟಿಗೆ ಕೇಳಬೇಕು."

ನನಗೆ ಗೊತ್ತಿರಲಿಲ್ಲ. ಆಮೇಲೆ ಅವನು ತನ್ನ ಅಪ್ಪನ ವಿಷಯ ಹೇಳಿದ, ಕೃಷ್ಣೆಯ ದಂಡೆಯವರೆಗೆ ಹಿಂಡು ಹೊಡೆದುಕೊಂಡು ಹೋಗುತ್ತಿದ್ದುದು, ದಾರಿಯಲ್ಲಿ ಒಬ್ಬ ಗೌಡನ ಸಂಗಡ ಮಾಡಿಕೊಂಡ ಜಗಳ. ದೀಪ ಹಚ್ಚುವ ಹೊತ್ತಾಯಿತೆಂದು ಅವ್ವ ಕರೆದಾಗಲೇ ಎದ್ದಿದ್ದು.

೨೬ ಅಕ್ಟೋಬರ್, ರವಿವಾರ

ಸರ್ ಬಂದು ತಮ್ಮ ಡಿಸ್ಕ್ ಒಯ್ದರು. ಕಂಪ್ಯೂಟರು ಮೊದಲಿನಂತೆ ಓಡುತ್ತಿದೆ, ಫಾರ್ಮು ತುಂಬುವವರು ಬಂದು ಹೋಗುತ್ತಿದ್ದಾರೆ. ಕೆಮ್ಮು, ಉಸಿರು, ಕರಕರ, ಅಷ್ಟನ್ನು ನಾನು ಫೋನಿನಲ್ಲಿ ಇಟ್ಟುಕೊಂಡಿದ್ದೇನೆ. ಈ ಸಲ ಎದ್ದು ಕಾಣುವಂತೆಯೇ.

ಮಧ್ಯಾಹ್ನ ಗಿರಾಕಿ ಇರಲಿಲ್ಲ. ಕಣ್ಣು ಮುಚ್ಚಿ ಅಪ್ಪನ ದನಿ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ದಪ್ಪನೆಯದೋ, ಒಡಕೋ? ನನ್ನ ಹೆಸರನ್ನು ಎಳೆದು ಕರೆಯುತ್ತಿದ್ದನೋ, ಮೊಟಕಾಗಿಯೋ? ಒಂದೂ ನೆನಪಿಲ್ಲ. ಡಿಸ್ಕಿನಲ್ಲಿ ಹೋದದ್ದು ಹೋಗಲಿ, ತಲೆಯಲ್ಲೂ ಉಳಿಯಲಿಲ್ಲವಲ್ಲ. ಇನ್ನು ಈ ಜನ್ಮದಲ್ಲಿ ಆ ದನಿ ನನ್ನ ಕಿವಿಗೆ ಬೀಳುವುದಿಲ್ಲ.

ಸಾಕು, ಇಲ್ಲಿಗೆ ಬಿಡುತ್ತೇನೆ. ಅಪ್ಪ ಬಾಗಿಲಲ್ಲಿ ನಿಂತು ಕರೆಯುತ್ತಿದ್ದಾನೆ.